ಊದಿದ ಕಾಲಿಗೆ ಕಷಾಯ: ಬಳಕೆದಾರರ ಕೈಪಿಡಿ

ಮನೆಯಲ್ಲೇ ಕಷಾಯ ಕಾಯಿಸಲು ನಿರ್ಧರಿಸಿದ್ದಕ್ಕೆ ಅಭಿನಂದನೆಗಳು. ಒಲೆ ಹಚ್ಚುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ, ಓದಿದ ಮೇಲೆ ಜೋಪಾನವಾಗಿ ಎತ್ತಿಡಿ. ಮಿಕ್ಸಿಯ ಕೈಪಿಡಿ, ಗ್ಯಾಸಿನ ಪುಸ್ತಕ, ಯಾವುದೋ ಕಾಲದ ಕರೆಂಟ್ ಬಿಲ್ಲು ಇರುವ ಡ್ರಾಯರಿಗೆ ಹಾಕಿದರೆ ಮತ್ತೆ ಸಿಗುವುದಿಲ್ಲ. ಬೇರೆ ಜಾಗ ನೋಡಿಕೊಳ್ಳಿ.

1. ಪರಿಭಾಷೆ

ಈ ಕೈಪಿಡಿಯಲ್ಲಿ ‘ಬಳಕೆದಾರ’ ಎಂದರೆ ಕಷಾಯ ಮಾಡುವವರು. ‘ಫಲಾನುಭವಿ’ ಎಂದರೆ ಕಾಲು ಊದಿಸಿಕೊಂಡು ಅದನ್ನು ಕುಡಿಯುವವರು. ಇವರಿಬ್ಬರೂ ಒಬ್ಬರೇ ಆಗಿರತಕ್ಕದ್ದಲ್ಲ. ಉಳಿದ ನಿಯಮಗಳಲ್ಲಿ ಅಷ್ಟಿಷ್ಟು ಹೆಚ್ಚುಕಮ್ಮಿಯಾದರೂ ನಡೆದೀತು, ಈ ಒಂದು ನಿಯಮದಲ್ಲಿ ರಿಯಾಯಿತಿ ಇಲ್ಲ.

ಫಲಾನುಭವಿ ಸಾಮಾನ್ಯವಾಗಿ ಮನೆಯ ಅಮ್ಮ, ಅಜ್ಜಿ ಅಥವಾ ಹೆಂಡತಿ. ಬೆಳಗ್ಗೆ ಐದೂವರೆಗೆ ಹಾಲು ಕಾಯಿಸಲು ನಿಂತವರು. ತಿಂಡಿ, ಡಬ್ಬಿ, ಅಡುಗೆ, ಪಾತ್ರೆ ಎಂದು ನಿಂತೇ ಇದ್ದು, ಸಂಜೆಯ ಧಾರಾವಾಹಿಯನ್ನೂ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುವವರು. ಮನೆಯಲ್ಲಿ ಯಾರಿಗೆ ಶೀತವಾದರೂ ಜ್ವರ ಬಂದರೂ ಕಷಾಯ ಮಾಡಿಕೊಟ್ಟು ರೂಢಿಯಾದ್ದರಿಂದ, ತಮ್ಮ ಕಾಲಿನ ಕಷಾಯವನ್ನೂ ತಾವೇ ಮಾಡಿಕೊಳ್ಳಲು ಮುಂದಾಗುತ್ತಾರೆ. ಕಾಲು ಊದಿದ್ದು ನಿಂತು ನಿಂತು. ಅದಕ್ಕೆ ಔಷಧ ಅಂತ ಮತ್ತೆ ಅರ್ಧ ಗಂಟೆ ಒಲೆ ಮುಂದೆ ನಿಲ್ಲುವುದು ಯಾವ ವೈದ್ಯಪದ್ಧತಿಯಲ್ಲೂ ಇಲ್ಲ.

2. ತಪಾಸಣೆ

ಫಲಾನುಭವಿಯನ್ನು ನೇರವಾಗಿ ಕೇಳಬೇಡಿ. ಕೇಳಿದಲ್ಲಿ ಮಾತು ಹೀಗೆ ಸಾಗುತ್ತದೆ:

“ಅಮ್ಮಾ, ಕಾಲು ಊದಿಕೊಂಡಿದೆಯಲ್ಲ?”

“ಎಲ್ಲೋ? ನಾನು ದಪ್ಪ ಆಗಿದೀನಿ ಕಣೋ.”

“ಚಪ್ಪಲಿ ಪಟ್ಟಿಯ ಅಚ್ಚು ಬಿದ್ದಿದೆ ನೋಡು.”

“ಚಪ್ಪಲಿ ಸಣ್ಣದು. ನೀನೇ ತಾನೆ ತಂದಿದ್ದು?”

ಹೀಗೆ ಆರೋಪಿಯ ಸ್ಥಾನಕ್ಕೆ ನೀವೇ ಬಂದು ನಿಲ್ಲುವ ಮೊದಲು ಸಾಕ್ಷ್ಯ ಕಲೆಹಾಕಿ. ಕಾಲುಂಗುರ ಬಿಗಿಯಾಗಿದೆಯೇ, ಕಾಲಿನ ಗಿಣ್ಣು ಮೊದಲಿನಂತೆ ಎದ್ದು ಕಾಣುತ್ತಿದೆಯೇ ನೋಡಿ. ಆಮೇಲೆ ಕಣಕಾಲಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಐದರಿಂದ ಹತ್ತು ಸೆಕೆಂಡು ಮೆಲ್ಲಗೆ ಒತ್ತಿ ಬಿಡಿ. ಗುಳಿ ಬಿದ್ದು ಹಾಗೇ ಉಳಿದರೆ ಒಳಗೆ ನೀರು ನಿಂತಿದೆ ಎಂದರ್ಥ. ಡಾಕ್ಟರು ಮೊದಲು ಮಾಡುವ ಪರೀಕ್ಷೆಯೂ ಇದೇ. ಚಪ್ಪಲಿಯ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ನೀರು ನಿಲ್ಲುವುದೇಕೆ? ಹೃದಯದಿಂದ ಪಾದಕ್ಕೆ ರಕ್ತ ಇಳಿಯುವುದು ಸುಲಭ, ಹತ್ತುವುದು ಕಷ್ಟ. ನೆಲದಡಿಯ ಸಂಪಿನಿಂದ ತಾರಸಿಯ ಟ್ಯಾಂಕಿಗೆ ನೀರೇರಿಸಲು ಮೋಟಾರು ಬೇಕಲ್ಲ, ಕಾಲಿನಲ್ಲಿ ಆ ಮೋಟಾರು ಮೀನಖಂಡ. ಹೆಜ್ಜೆಯಿಟ್ಟಾಗೆಲ್ಲ ಮೀನಖಂಡದ ಸ್ನಾಯು ರಕ್ತನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಮೇಲೇರಿದ್ದು ಕೆಳಗೆ ಜಾರದಂತೆ ನಾಳದೊಳಗಿನ ಕವಾಟಗಳು ತಡೆಯುತ್ತವೆ. ಈ ಕವಾಟಗಳನ್ನು ಇಟಲಿಯ ಪಾದುವಾದಲ್ಲಿ ಫ್ಯಾಬ್ರಿಸಿಯಸ್ ಎಂಬ ಗುರು 1603ರಲ್ಲಿ ಪುಸ್ತಕ ಬರೆದು ತೋರಿಸಿದ. ಅವು ಇರುವುದೇಕೆ ಎಂಬುದನ್ನು ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯ ಜೊತೆಗೆ ವಿವರಿಸಿದ. ಸಿಂಕಿನ ಮುಂದೆ ಅಲ್ಲಾಡದೆ ನಿಂತರೆ ಮೋಟಾರು ಬಂದ್. ಕೆಳಗೆ ಒತ್ತಡ ಹೆಚ್ಚಿ ಸೂಕ್ಷ್ಮ ನಾಳಗಳಿಂದ ನೀರಿನಂಶ ಮಾಂಸದೊಳಕ್ಕೆ ಜಿನುಗುತ್ತದೆ. ರಾತ್ರಿ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಊರಿಗೆ ಹೋದವರಿಗೆ ಬೆಳಗ್ಗೆ ಚಪ್ಪಲಿ ಹಿಡಿಸದೆ ಇರುವುದೂ ಇದೇ ಕಾರಣಕ್ಕೆ.

3. ಎಚ್ಚರಿಕೆ (ಕೆಂಪಕ್ಷರದಲ್ಲಿ ಓದಿಕೊಳ್ಳುವುದು)

ಈ ಕೆಳಗಿನ ಯಾವುದೇ ಲಕ್ಷಣ ಕಂಡಲ್ಲಿ ಒಲೆ ಹಚ್ಚಬೇಡಿ. ಆಟೋ ಕರೆಯಿರಿ.

• ಒಂದೇ ಕಾಲು ದಿಢೀರನೆ ಊದಿ, ಮೀನಖಂಡ ನೋಯುತ್ತ, ಮುಟ್ಟಿದರೆ ಬಿಸಿಯಿದ್ದರೆ: ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ನೀವುವುದು ಖಂಡಿತ ಬೇಡ. ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

• ಜೊತೆಗೆ ಏದುಸಿರು, ಎದೆನೋವು ಇದ್ದರೆ, ಅಥವಾ ಮಲಗಿದರೆ ಉಸಿರು ಕಟ್ಟಿದಂತಾಗುತ್ತಿದ್ದರೆ: ಹೃದಯವನ್ನೋ ಶ್ವಾಸಕೋಶವನ್ನೋ ನೋಡಿಸಬೇಕು. ಇಲ್ಲಿ ಆಟೋ ಸಾಲದು, 108.

• ಬೆಳಗ್ಗೆ ಎದ್ದಾಗ ಮುಖವೂ ಊದಿದ್ದರೆ, ಮೂತ್ರದಲ್ಲಿ ನೊರೆ ಕಂಡರೆ: ಮೂತ್ರಪಿಂಡದ ಪರೀಕ್ಷೆ ಆಗಬೇಕು.

• ಬಸುರಿಗೆ ಊತದ ಜೊತೆ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ: ಬಿ.ಪಿ. ಏರಿರಬಹುದು. ತಡಮಾಡುವಂತಿಲ್ಲ. “ಬಸುರಿನಲ್ಲಿ ಇದೆಲ್ಲ ಇದ್ದದ್ದೇ” ಎನ್ನುವ ಹಿರಿಯರಿಗೆ ಕೈಮುಗಿದು ಹೊರಡಿ.

• ಇತ್ತೀಚೆಗೆ ಅಮ್ಲೋಡಿಪಿನ್ ಥರದ ಬಿ.ಪಿ. ಮಾತ್ರೆ ಶುರುವಾಗಿದ್ದರೆ, ಅಥವಾ ಮಂಡಿನೋವಿಗೆ ದಿನಾ ನೋವಿನ ಮಾತ್ರೆ ನುಂಗುತ್ತಿದ್ದರೆ: ಊತ ಮಾತ್ರೆಯದ್ದೇ ಇರಬಹುದು. ನೀವಾಗಿಯೇ ಬಿ.ಪಿ. ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟವರನ್ನು ಕೇಳಿ.

• ಕಾಲು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಗಿದ್ದರೆ: ಆನೆಕಾಲು ರೋಗವೇ ಎಂದು ನೋಡಿಸಿ. ಅದನ್ನು ಹರಡುವುದು ಕ್ಯೂಲೆಕ್ಸ್ ಸೊಳ್ಳೆ. ಈ ರೋಗ ತರುವ ಹುಳುವಿನ ಮರಿಗಳು ರಾತ್ರಿ ಹೊತ್ತಿನಲ್ಲೇ ರಕ್ತದಲ್ಲಿ ಓಡಾಡುವುದರಿಂದ ಕಲಬುರಗಿ, ಬೀದರ್ ಕಡೆ ಆರೋಗ್ಯ ಇಲಾಖೆಯವರು ರಕ್ತ ತೆಗೆಯಲು ರಾತ್ರಿಯೇ ಬಾಗಿಲು ತಟ್ಟುತ್ತಾರೆ. ಕಷಾಯಕ್ಕೂ ಆ ಹುಳುವಿಗೂ ಸಂಬಂಧವಿಲ್ಲ.

ಇಷ್ಟೂ ಅಲ್ಲದೆ, ದಿನವಿಡೀ ನಿಂತು ಸಂಜೆಗೆ ಎರಡೂ ಕಾಲು ಊದಿ, ರಾತ್ರಿ ಮಲಗಿ ಎದ್ದರೆ ಇಳಿಯುವ ಊತವಾದಲ್ಲಿ ಮಾತ್ರ ಮುಂದಿನ ಪುಟಕ್ಕೆ ಹೋಗಿ.

4. ಬಿಡಿಭಾಗಗಳ ಪಟ್ಟಿ

ಕೊತ್ತಂಬರಿ ಬೀಜ ಎರಡು ಚಮಚ (ಹುಬ್ಬಳ್ಳಿ ಕಡೆಯವರು ಹವೀಜ ಎಂದು ಓದಿಕೊಳ್ಳುವುದು), ಜೀರಿಗೆ ಅರ್ಧ ಚಮಚ, ಒಣಶುಂಠಿ ಒಂದು ಚೂರು, ನೀರು ಎರಡು ಲೋಟ. ಮೂಲ ಮಾದರಿ ಇಷ್ಟೇ. ಇವೆಲ್ಲ ಸಾರಿನಪುಡಿಯ ನೆಂಟರಾದ್ದರಿಂದ ಮನೆಯಲ್ಲೇ ಇರುತ್ತವೆ.

ಐಷಾರಾಮಿ ಮಾದರಿ ಬೇಕೆನ್ನುವವರು ಗ್ರಂಧಿಗೆ ಅಂಗಡಿಗೆ ಹೋಗಿ ನೆಗ್ಗಿಲು ಮುಳ್ಳು ಕೇಳಬಹುದು. ಹೊಲದಲ್ಲಿ ಬರಿಗಾಲಿಗೆ ಚುಚ್ಚಿ ಪ್ರಾಣ ಹಿಂಡುವ, ಸೈಕಲ್ ಟಯರನ್ನೂ ಬಿಡದ ಆ ಕಾಯೇ ಆಯುರ್ವೇದದ ಗೋಕ್ಷುರ. ಚುಚ್ಚಿದ್ದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಮೂತ್ರ ಸರಾಗವಾಗಿಸುವ ಕೆಲಸಕ್ಕೆ ಅದನ್ನು ತಲೆತಲಾಂತರದಿಂದ ಬಳಸುತ್ತ ಬಂದಿದ್ದಾರೆ.

ಇನ್ನೊಂದು ಕೊಮ್ಮೆ. ಬೇಸಿಗೆಯಲ್ಲಿ ಒಣಗಿ ಮಳೆ ಬಿದ್ದೊಡನೆ ಬೇರಿನಿಂದ ಮತ್ತೆ ಚಿಗುರುವ ಪುನರ್ನವ. ಊತಕ್ಕೆಂದು ಆಯುರ್ವೇದ ಮೊದಲು ನೆನೆಯುವ ಗಿಡಗಳಲ್ಲಿ ಇದೂ ಒಂದು. ಎಂಟು ಮೂಲಿಕೆಗಳ ಪುನರ್ನವಾಷ್ಟಕ ಕಷಾಯಕ್ಕೆ ಇದೇ ಯಜಮಾನ. ಬೆರಕೆ ಸೊಪ್ಪಿನ ಸಾರು ಮಾಡುವವರಿಗೆ ಇದು ರಸ್ತೆ ಬದಿಯ ಸೊಪ್ಪು. ಸಸ್ಯಶಾಸ್ತ್ರದಲ್ಲಿ ಮಾತ್ರ ಈ ಕುಲಕ್ಕಿರುವುದು ಹರ್ಮನ್ ಬೋರ್ಹಾವ (1668–1738) ಎಂಬ ಡಚ್ ವೈದ್ಯರ ಹೆಸರು. ಬೇಲಿಬದಿಯ ಗಿಡಕ್ಕೂ ವಿದೇಶಿ ಪ್ರೊಫೆಸರರ ಹೆಸರು ಬರುವುದು ಹೀಗೆ. ಇದರಲ್ಲಿ ಪೊಟ್ಯಾಷಿಯಂ ಲವಣ ಚೆನ್ನಾಗಿಯೇ ಇದೆ. ಆದ್ದರಿಂದ ಮೂತ್ರಪಿಂಡದ ತೊಂದರೆ ಇರುವವರು, ಹೃದಯಕ್ಕೋ ಬಿ.ಪಿ.ಗೋ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯತಕ್ಕದ್ದಲ್ಲ. ಹೋಲುವ ಬೇರೆ ಗಿಡವನ್ನೂ ಇದೇ ಹೆಸರಿನಲ್ಲಿ ಮಾರುವುದುಂಟು. ಗಿಡದ ಗುರುತು ತಿಳಿಯದವರಿಗೆ ಮೂಲ ಮಾದರಿಯೇ ಕ್ಷೇಮ.

ಮೊಬೈಲ್ ನೋಡಿ ಬಂದವರು ಡ್ಯಾಂಡೆಲಿಯನ್ ಕೇಳುತ್ತಾರೆ. ಇದು ಚಳಿಸೀಮೆಯ ಕಳೆ, ನಮ್ಮಲ್ಲಿಗೆ ಪೊಟ್ಟಣವಾಗಿ ಬರುತ್ತದೆ. ಅದರ ಎಲೆಯ ಸಾರವನ್ನು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 17 ಜನರಿಗೆ ಒಂದು ದಿನದ ಮಟ್ಟಿಗೆ ಕೊಟ್ಟು ನೋಡಿದರು. ಶೌಚಾಲಯದ ಓಡಾಟ ಹೆಚ್ಚಿತು. ಲೆಕ್ಕ ಹಾಕಿದ್ದು ಅದನ್ನೇ, ಕಾಲಿನ ಸುತ್ತಳತೆಯನ್ನಲ್ಲ.

5. ಪಾತ್ರೆಗೆ ಹಾಕಬಾರದ್ದು

ಉಪ್ಪು. ರುಚಿಗೆಂದೂ ಬೇಡ, ಶಾಸ್ತ್ರಕ್ಕೆಂದೂ ಬೇಡ.

ಜ್ಯೇಷ್ಠಮಧು. ಗಂಟಲಿಗೆ ಒಳ್ಳೆಯದು, ಸಿಹಿಯಾಗಿಯೂ ಇರುತ್ತದೆ ಎಂದು ಮನೆಗೆ ಬಂದ ಅತ್ತೆ ಒಂದು ಕಡ್ಡಿ ಹಾಕಿಬಿಡುತ್ತಾರೆ. ದಿನವೂ ಹಾಕಿದರೆ ಅದರೊಳಗಿನ ಸಿಹಿ ದ್ರವ್ಯ ದೇಹದಲ್ಲಿ ಸೋಡಿಯಂ ಹಿಡಿದಿಟ್ಟು, ಬಿ.ಪಿ. ಏರಿಸಿ, ಕಾಲನ್ನು ತಾನೇ ಊದಿಸುತ್ತದೆ. ಊತ ಇಳಿಸುವ ಕಷಾಯದೊಳಗೆ ಊತ ತರಿಸುವ ಬೇರು ಕುದಿಯುತ್ತಿದ್ದರೆ, ಎರಡರ ಕೆಲಸವೂ ಮುಗಿಯುವುದಿಲ್ಲ.

ಕಣಗಿಲೆ. “ಹಿತ್ತಲ ಗಿಡ, ನೈಸರ್ಗಿಕ, ಏನೂ ಮಾಡಲ್ಲ” ಎನ್ನುವವರಿಗಾಗಿ ಇಲ್ಲೊಂದು ನಿಜಕಥೆ. 1775ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯರ ಮುಂದೆ ಒಂದು ಮನೆಮದ್ದು ಬಂತು. ಶ್ರಾಪ್‌ಶೈರ್‌ನ ಮುದುಕಿಯೊಬ್ಬಳು ಗುಟ್ಟಾಗಿಟ್ಟುಕೊಂಡಿದ್ದ, ಮೈಯೂತಕ್ಕೆ ಕೊಡುತ್ತಿದ್ದ ಕಷಾಯ. ಅದರಲ್ಲಿ ಇಪ್ಪತ್ತೋ ಅದಕ್ಕೂ ಹೆಚ್ಚೋ ಸೊಪ್ಪುಗಳು. ಗಿಡಗಳನ್ನು ಬಲ್ಲ ವಿದರಿಂಗ್, ಕೆಲಸ ಮಾಡುತ್ತಿರುವುದು ಅವುಗಳಲ್ಲಿ ಒಂದೇ, ಫಾಕ್ಸ್‌ಗ್ಲೋವ್ ಎಲೆ, ಎಂದು ಕಂಡುಕೊಂಡರು. ಹತ್ತು ವರ್ಷ ರೋಗಿಗಳನ್ನು ನೋಡಿ, ಗುಣವಾದವರನ್ನೂ ಆಗದವರನ್ನೂ ಬರೆದಿಟ್ಟು 1785ರಲ್ಲಿ ಪುಸ್ತಕ ತಂದರು. ಹೃದಯದ ಔಷಧವಾದ ಡಿಜಿಟಾಲಿಸ್ ವೈದ್ಯಶಾಸ್ತ್ರಕ್ಕೆ ಬಂದದ್ದು ಹಾಗೆ. ಕಷಾಯಪ್ರಿಯರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಎದೆಯುಬ್ಬಿಸುತ್ತಾರೆ. ಮಿಕ್ಕರ್ಧ ಹೀಗಿದೆ: ಆ ಎಲೆಯ ಪ್ರಮಾಣ ಸ್ವಲ್ಪ ಹೆಚ್ಚಿದರೂ ವಾಂತಿ, ಕಣ್ಣು ಮಂಜು, ಕೊನೆಗೆ ಹೃದಯ ನಿಲ್ಲುವುದು. ಇಪ್ಪತ್ತು ಸೊಪ್ಪಿನಲ್ಲಿ ಹತ್ತೊಂಬತ್ತು ಬರೀ ಸೊಪ್ಪು, ಉಳಿದೊಂದು ವಿಷದ ನೆರೆಮನೆ. ನಮ್ಮ ಕಣಗಿಲೆಯಲ್ಲಿರುವುದೂ ಅದೇ ಬಗೆಯ ದ್ರವ್ಯ. ಅದರ ಹೂವು ದೇವರಿಗಿರಲಿ, ಎಲೆ ಗಿಡದಲ್ಲಿರಲಿ.

6. ಬಳಸುವ ವಿಧಾನ

*ಹಂತ 1: ಫಲಾನುಭವಿಯನ್ನು ಕೂರಿಸುವುದು.* ಇದೇ ಅತ್ಯಂತ ಕಠಿಣ ಹಂತ. “ಇರು, ಒಗ್ಗರಣೆ ಒಂದು ಹಾಕಿ ಬಂದೆ” ಎನ್ನುತ್ತಾರೆ. ನಂಬಬೇಡಿ. ಒಗ್ಗರಣೆಯಾದ ಮೇಲೆ ಪಲ್ಯವಿದೆ, ಪಲ್ಯದ ಹಿಂದೆ ಕಟ್ಟೆ ಒರೆಸುವುದಿದೆ, ಕಟ್ಟೆ ಒರೆಸಿದ ಬಟ್ಟೆ ಒಗೆಯುವುದಿದೆ. ಸೌಟು ಕೈಯಿಂದ ಇಸಿದುಕೊಳ್ಳಿ.

*ಹಂತ 2: ಕಾಲೆತ್ತಿಸುವುದು.* ಮಣೆಯ ಮೇಲೆ ಕಾಲಿಟ್ಟರೆ ಸಾಲದು. ಮಲಗಿಸಿ, ಮೀನಖಂಡದಡಿ ದಿಂಬುಗಳನ್ನಿಟ್ಟು, ಪಾದ ಎದೆಗಿಂತ ಮೇಲೆ ಬರುವಂತೆ ಹದಿನೈದು ಇಪ್ಪತ್ತು ನಿಮಿಷ ಇರಿಸಿ. ನಡುನಡುವೆ ಪಾದವನ್ನು ಮೇಲೆ ಕೆಳಗೆ ಆಡಿಸಲು ಹೇಳಿ. ಮೋಟಾರು ಚಾಲೂ ಆಗುತ್ತದೆ. ಹಿರಿಯರೆದುರು ಕಾಲು ಚಾಚಬಾರದು ಎಂದು ಕಲಿತು ಬಂದ ಜೀವ ಅದು. ಮಾವನವರು ಕೆಮ್ಮಿದ ಸದ್ದಿಗೆ ಕಾಲು ತಾನಾಗಿ ಮಡಚಿಕೊಳ್ಳುತ್ತದೆ. ಕೋಣೆಯ ಬಾಗಿಲು ಹಾಕಿ.

*ಹಂತ 3: ಕೊತ್ತಂಬರಿ ಬೀಜ ಹುಡುಕುವುದು.* “ಕೊತ್ತಂಬರಿ ಎಲ್ಲಿದೆ?” ಎಂದು ಕೂಗತಕ್ಕದ್ದಲ್ಲ. ಕೂಗಿದ ಮರುಕ್ಷಣ ಫಲಾನುಭವಿ ನಿಮ್ಮ ಪಕ್ಕದಲ್ಲಿ ನಿಂತಿರುತ್ತಾರೆ. ಹಂತ 1ರಿಂದ ಮತ್ತೆ ಶುರು ಮಾಡಬೇಕು. ಎಲ್ಲ ಡಬ್ಬಿಗಳನ್ನೂ ತೆಗೆದು ನೋಡಿ. ಡಬ್ಬಿಯ ಮೇಲಿನ ಹೆಸರಿಗೂ ಒಳಗಿನ ಪದಾರ್ಥಕ್ಕೂ ಸಂಬಂಧವಿರಬೇಕೆಂದೇನಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಉದ್ದಿನಬೇಳೆ, ಬಿಸ್ಕತ್ತಿನ ಡಬ್ಬಿಯಲ್ಲಿ ಒಣಮೆಣಸಿನಕಾಯಿ ಇದ್ದೀತು. ಇಷ್ಟು ವರ್ಷ ಉಂಡ ಮನೆಯ ಭೂಗೋಳ ನಿಮಗೆ ಪರಿಚಯವಾಗುವುದು ಈ ಹಂತದಲ್ಲೇ.

*ಹಂತ 4: ಕುದಿಸುವುದು.* ಬೀಜವನ್ನು ತರಿತರಿಯಾಗಿ ಕುಟ್ಟಿ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಎರಡು ಲೋಟ ಒಂದಾಗುವವರೆಗೆ ಇಳಿಸಿ. ಶಾರ್ಙ್ಗಧರ ಸಂಹಿತೆಯ ಲೆಕ್ಕ ಇದಕ್ಕಿಂತ ಖಡಕ್ಕು: ಒಂದು ಪಾಲು ದ್ರವ್ಯಕ್ಕೆ ಹದಿನಾರು ಪಾಲು ನೀರು, ಅದನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಬೇಕು. ಎಂದರೆ 10 ಗ್ರಾಂಗೆ 160 ಮಿಲಿ ನೀರಿಟ್ಟರೆ ಕೊನೆಗೆ ಉಳಿಯುವುದು 20 ಮಿಲಿ. ಅಷ್ಟು ಹೊತ್ತು ಒಲೆ ಮುಂದೆ ನಿಲ್ಲುವುದರಿಂದ ನಿಮಗೂ ಕಾಲು ನೋಯಬಹುದು. ಇದು ದೋಷವಲ್ಲ, ಪಾಠ್ಯಕ್ರಮದ ಭಾಗ.

*ಹಂತ 5: ಕುಡಿಸುವುದು.* ಸೋಸಿ, ಬಿಸಿಬಿಸಿಯಾಗಿ, ಸಂಜೆ ಆರರೊಳಗೆ ಕೊಡಿ. ರಾತ್ರಿ ಕೊಟ್ಟರೆ ಕತ್ತಲಲ್ಲಿ ಬಚ್ಚಲಿಗೆ ಎದ್ದು ಹೋಗಿ ಬಿದ್ದಾರು. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಚೂರು ಬೆಲ್ಲಕ್ಕೆ ಅಡ್ಡಿಯಿಲ್ಲ. “ಶುಂಠಿ ಜಾಸ್ತಿ ಆಯ್ತು” ಎಂಬ ಮಾತು ಬಂದರೆ ಅದನ್ನು ಮೆಚ್ಚುಗೆಯೆಂದು ಪರಿಗಣಿಸಿ.

7. ಯಂತ್ರ ಕೆಲಸ ಮಾಡುವ ಬಗೆ

ತಯಾರಕರು ಇಲ್ಲಿ ಸತ್ಯ ಹೇಳಲು ಬದ್ಧರು. ಕೊತ್ತಂಬರಿ, ನೆಗ್ಗಿಲು ಇವುಗಳ ಸಾರ ಪ್ರಯೋಗಶಾಲೆಯ ಇಲಿಗಳಲ್ಲಿ ಮೂತ್ರ ಹೆಚ್ಚಿಸಿದ್ದುಂಟು. ಅಮ್ಮಂದಿರ ಕಾಲಿನ ಮಟ್ಟಿಗೆ ಅಂಥ ಗಟ್ಟಿ ಪುರಾವೆಯಿಲ್ಲ. ಹಾಗಿದ್ದರೆ ಕಷಾಯ ಕುಡಿದ ದಿನ ಊತ ಇಳಿದದ್ದು ಹೇಗೆ? ಹಂತ 1 ಮತ್ತು 2ನ್ನು ಮತ್ತೊಮ್ಮೆ ಓದಿ. ಕಷಾಯ ಕಾಯುವ ಅರ್ಧ ಗಂಟೆ ಆಕೆ ಮಲಗಿದ್ದರು. ಮನೆಯ ಇತಿಹಾಸದಲ್ಲಿ ಹಗಲು ಹೊತ್ತಿನಲ್ಲಿ ಹಾಗಾದದ್ದು ಅಪರೂಪ. ಈ ಉತ್ಪನ್ನದ ಮುಖ್ಯ ಮೂಲಿಕೆ ಕೂರುವುದು. ಕೊತ್ತಂಬರಿ ಅದಕ್ಕೊಂದು ನೆಪ.

ಕೂರುವುದು ಇಷ್ಟು ದುರ್ಲಭವೇ ಎಂದು ಕೇಳುವವರು ನೆರೆರಾಜ್ಯ ನೋಡಬೇಕು. ಕೇರಳದ ಬಟ್ಟೆ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ಇಡೀ ದಿನ ನಿಂತೇ ಸೀರೆ ತೋರಿಸಬೇಕಿತ್ತು. ಗಿರಾಕಿ ಇಲ್ಲದಾಗಲೂ ಕೂರುವಂತಿರಲಿಲ್ಲ. ಕೋಳಿಕ್ಕೋಡಿನ ಪಿ. ವಿಜಿ ಮತ್ತು ಸಂಗಡಿಗರು ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಸರ್ಕಾರ ಅಂಗಡಿ ಕಾಯಿದೆಗೆ ತಿದ್ದುಪಡಿ ತಂದು ಆಸನ ಕೊಡುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಅದೇ ಹಾದಿ ಹಿಡಿಯಿತು. ಒಂದು ಕುರ್ಚಿಗೆ ಶಾಸನಸಭೆಯವರೆಗೂ ಹೋಗಬೇಕಾಯಿತು. ಅಡುಗೆಮನೆಗೆ ಅನ್ವಯಿಸುವ ಅಂಥ ಮಸೂದೆ ಇನ್ನೂ ಎಲ್ಲಿಯೂ ಮಂಡನೆಯಾಗಿಲ್ಲ. ಅಲ್ಲಿ ಮಾಲೀಕರು ಯಾರು, ಯಾರ ಮೇಲೆ ಹೋರಾಡಬೇಕು ಎಂಬುದೇ ಇತ್ಯರ್ಥವಾಗಿಲ್ಲ. ಸದ್ಯಕ್ಕೆ ಒಂದು ಎತ್ತರದ ಸ್ಟೂಲು ತಂದು ಕಟ್ಟೆಯ ಪಕ್ಕದಲ್ಲಿಡಿ. ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು ಕೂತೂ ಆಗುತ್ತದೆ. ಆ ಸ್ಟೂಲಿನ ಮೇಲೆ ಅಕ್ಕಿ ಡಬ್ಬ ಇಡಬೇಡಿ.

8. ಸಾಮಾನ್ಯ ತೊಂದರೆಗಳು, ಪರಿಹಾರಗಳು

*ತೊಂದರೆ: ಕಷಾಯ ಕೊಟ್ಟರೂ ಊತ ಇಳಿದಿಲ್ಲ.* ಊಟದ ತಟ್ಟೆ ಪರಿಶೀಲಿಸಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಮಜ್ಜಿಗೆಗೆ ಮತ್ತೊಂದು ಚಿಟಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಎಂದರೆ ಒಂದು ಟೀ ಚಮಚಕ್ಕೂ ತುಸು ಕಮ್ಮಿ. ಉಪ್ಪು ಎಲ್ಲಿ ಹೋಗುತ್ತದೋ ನೀರು ಅಲ್ಲಿಗೆ ಹಿಂಬಾಲಿಸುತ್ತದೆ.

*ತೊಂದರೆ: ಎದುರುಮನೆ ಆಂಟಿ ಬಾರ್ಲಿ ನೀರು, ಚಿಕ್ಕಮ್ಮ ಬಾಳೆದಿಂಡಿನ ರಸ, ಫ್ಯಾಮಿಲಿ ಗ್ರೂಪಿನವರು ಸೋರೆಕಾಯಿ ಜ್ಯೂಸು ಹೇಳಿದ್ದಾರೆ.* ಎಲ್ಲವನ್ನೂ ಒಂದೇ ದಿನ ಕುಡಿಸಬೇಡಿ. ಹೃದಯದ ತೊಂದರೆಗೆ ನೀರಿನ ಮಿತಿ ಹೇಳಿಸಿಕೊಂಡವರಿಗೆ ಕಷಾಯವೂ ನೀರೇ, ಲೆಕ್ಕಕ್ಕೆ ಬರುತ್ತದೆ. ಸೋರೆಕಾಯಿ ರಸ ಕಹಿಯಿದ್ದರೆ ಒಂದು ಗುಟುಕೂ ಬೇಡ, ಅದು ವಿಷ.

*ತೊಂದರೆ: ಬಳಕೆದಾರ ಲೋಟದ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದಾನೆ.* ಮೆಚ್ಚುಗೆಗಳು ಬಂದುಹೋಗಲಿ. ನಾಳೆಯೂ ಮಾಡುತ್ತಾನೆಯೇ ನೋಡಿ.

*ತೊಂದರೆ: ವಾರವಾದರೂ ಊತ ಹಾಗೇ ಇದೆ, ಅಥವಾ ಏರುತ್ತಿದೆ.* ಪರಿಚ್ಛೇದ 3ಕ್ಕೆ ಹಿಂದಿರುಗಿ. ಕೈಪಿಡಿ ಮಡಚಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. “ಸುಮ್ಮನೆ ದುಡ್ಡು ದಂಡ” ಎಂದು ಆಕೆ ಹೇಳುವುದನ್ನು ಒಪ್ಪಿಗೆ ಎಂದೇ ಭಾವಿಸುವುದು.

9. ಖಾತರಿ

ಕಷಾಯಕ್ಕೆ ಯಾವುದೇ ಖಾತರಿ ಇರುವುದಿಲ್ಲ. ಕುರ್ಚಿ, ದಿಂಬು, ಕಡಿಮೆ ಉಪ್ಪು ಮತ್ತು ದಿನಾ ಒಂದು ಸುತ್ತು ನಡಿಗೆಗೆ, ನಿಂತು ನಿಂತು ಬರುವ ಊತದ ಮಟ್ಟಿಗೆ, ಸಾಕಷ್ಟು ಒಳ್ಳೆಯ ಹೆಸರಿದೆ, ಖಾತರಿ ಇರುವುದು ಅವಕ್ಕೆ. ಫಲಾನುಭವಿ ತಾವೇ ಎದ್ದು ಕಷಾಯ ಮಾಡಿಕೊಂಡಲ್ಲಿ, ಅಥವಾ ಮನೆಮಂದಿ “ಹೇಗೂ ಎದ್ದಿದೀಯಲ್ಲ, ನಮಗೂ ಒಂದೊಂದು ಲೋಟ ಕಾಫಿ” ಎಂದಲ್ಲಿ ಈ ಖಾತರಿ ಆ ಕ್ಷಣವೇ ರದ್ದಾಗುತ್ತದೆ. ದೂರುಗಳೇನಾದರೂ ಇದ್ದಲ್ಲಿ ಬಳಕೆದಾರರು ಕಷಾಯದ ಪಾತ್ರೆ, ಸೋಸಿದ ಜರಡಿ, ಕುಟ್ಟಿದ ಕಲ್ಲು, ಲೋಟ ಇಷ್ಟನ್ನೂ ತಾವೇ ತೊಳೆದು ಬೋರಲು ಹಾಕಿದ ನಂತರ ಸಲ್ಲಿಸತಕ್ಕದ್ದು. ಅದಕ್ಕೆ ಮೊದಲು ಬಂದ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ.